ಬಿರುಕು ಬಿಟ್ಟ ಗಿಟಾರ್ ಅಟ್ಟ ಸೇರಬೇಕಿಲ್ಲ

ಕಡೂರು, ತರೀಕೆರೆ, ಅಜ್ಜಂಪುರದಂಥ ಊರುಗಳಲ್ಲಿ ಗಿಟಾರಿನ ಬಾಡಿ ಬಿರುಕು ಬಿಟ್ಟರೆ ಮನೆಯವರಿಗೆ ಹೊಳೆಯುವುದು ಎರಡೇ ದಾರಿ: ಬೆಂಗಳೂರಿಗೆ ಕಳಿಸುವುದು, ಇಲ್ಲವೇ ಅಟ್ಟಕ್ಕೆ ಏರಿಸುವುದು. ಎರಡೂ ಬೇಡ. ಬಿರುಕು ಮುಚ್ಚಿ ಬಣ್ಣ ಹೊಡೆಯುವುದು ಮನೆಯಲ್ಲೇ ಆಗುವ ಕೆಲಸ.

ಮರದ ಬೆಲೆ ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಭದ್ರಾ ಕಾಡಿನಲ್ಲಿ ಬೆಳೆಯುವ ಬೀಟೆಯ ಜಾತಿಯೇ ಪ್ರಪಂಚದ ಎಷ್ಟೋ ಗಿಟಾರುಗಳ ಫ್ರೆಟ್‌ಬೋರ್ಡ್. ಬೀಟೆಯ ಕುಲದ ಎಲ್ಲ ಮರಗಳ ಅಂತಾರಾಷ್ಟ್ರೀಯ ವ್ಯಾಪಾರ 2017ರಿಂದ, ಅಳಿವಿನ ಭೀತಿಯ ಜೀವಿಗಳನ್ನು ಕಾಯುವ ಸೈಟ್ಸ್ ಒಪ್ಪಂದದ ಹಿಡಿತದಲ್ಲಿದೆ. ಬೀಟೆಯಿಂದ ಮಾಡಿದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರಲ್ಲಿ. ಅಂಥ ಮರವಿರುವ ವಾದ್ಯವನ್ನು ಒಂದು ಬಿರುಕಿಗಾಗಿ ಕೈಬಿಡುವುದು ತಪ್ಪು.

ಮನೆಗೆಲಸದಿಂದ ಒಳ್ಳೆಯ ಗಿಟಾರ್ ಆಗದು ಎನ್ನುವವರು ಬ್ರಿಟಿಷ್ ರಾಕ್ ತಂಡ ಕ್ವೀನ್‌ನ ಗಿಟಾರ್ ವಾದಕ ಬ್ರಯಾನ್ ಮೇ ಅವರನ್ನು ನೆನೆಯಲಿ. 1963ರಲ್ಲಿ, ಇನ್ನೂ ಹದಿಹರೆಯದಲ್ಲಿದ್ದಾಗ, ತಂದೆಯ ಜೊತೆ ಸೇರಿ ಅವರು ಕಟ್ಟಲು ತೊಡಗಿದ ಗಿಟಾರಿನ ಕುತ್ತಿಗೆಗೆ ಬಳಸಿದ್ದು ಹಳೆಯ ಅಗ್ಗಿಷ್ಟಿಕೆಯ ಮರ. ಕ್ವೀನ್ ತಂಡದ ಹಾಡುಗಳಲ್ಲಿ ಕೇಳುವುದು ಅದೇ ವಾದ್ಯ. ಇನ್ನು ಬಣ್ಣದ ಮಾತು: ಅಮೆರಿಕದ ಫೆಂಡರ್ ಕಂಪನಿ 1950–60ರ ದಶಕಗಳಲ್ಲಿ ತನ್ನ ಹಲವು ಗಿಟಾರುಗಳಿಗೆ ಹೊಡೆಸಿದ್ದು ಕಾರಿನ ಬಣ್ಣಗಳನ್ನೇ. ಹಾಗಿದ್ದ ಮೇಲೆ ಬೆಂಗಳೂರು–ಹೊನ್ನಾವರ ಹೆದ್ದಾರಿಯ ಮೇಲಿರುವ ಕಡೂರು, ತರೀಕೆರೆಗಳಲ್ಲಿ ಲಾರಿ, ಕಾರಿಗೆ ಸ್ಪ್ರೇ ಹೊಡೆಯುವ ಕೈಗಳಿಗೆ ಗಿಟಾರ್ ದೊಡ್ಡ ಸವಾಲೇನಲ್ಲ.

ಕೆಲಸದಲ್ಲಿ ತಾಳ್ಮೆಯೇ ಮುಕ್ಕಾಲು ಪಾಲು. ತಂತಿ, ಪಿಕಪ್, ಬ್ರಿಡ್ಜ್ ಎಲ್ಲ ಬಿಚ್ಚುವ ಮೊದಲು ವೈರಿಂಗಿನ ಫೋಟೊ ತೆಗೆದುಕೊಳ್ಳಬೇಕು. ಬಿರುಕಿನೊಳಗೆ ಮರದ ಅಂಟು ಇಳಿಸಿ, ಕ್ಲ್ಯಾಂಪ್ ಬಿಗಿದು ಒಂದು ದಿನ ಬಿಡಬೇಕು. ಬಣ್ಣ ಹೋಗಿ ಮರ ಕಾಣುವ ಕಡೆ ಸಣ್ಣ ತಗ್ಗಿದ್ದರೆ ಒದ್ದೆ ಬಟ್ಟೆ ಹಾಕಿ ಇಸ್ತ್ರಿಪೆಟ್ಟಿಗೆ ಒತ್ತಿದರೆ ಆವಿಗೆ ಮರ ಉಬ್ಬಿ ಮೇಲೇಳುತ್ತದೆ. ಎಳೆ ಮುರಿದು ಚೂರು ಹಾರಿಹೋದ ಕಡೆ ಫಿಲ್ಲರ್ ಬೇಕು. ಹಳೆಯ ಬಣ್ಣವನ್ನು ಪೂರ್ತಿ ಕೆರೆಯುವ ಹಟವೂ ಬೇಡ. ಗಟ್ಟಿಯಾಗಿ ಕೂತಿದ್ದರೆ 320ರ ಉಪ್ಪು ಕಾಗದದಲ್ಲಿ ಉಜ್ಜಿ ಅದರ ಮೇಲೆಯೇ ಹೊಡೆಯಬಹುದು. ಫ್ರೆಟ್‌ಬೋರ್ಡಿಗೆ ಟೇಪ್ ಸುತ್ತುವುದನ್ನು ಮರೆಯುವಂತಿಲ್ಲ. ಒಂದು ದಪ್ಪ ಕೋಟ್ ಹೊಡೆದರೆ ಬಣ್ಣ ಇಳಿಯುತ್ತದೆ, ನಾಲ್ಕಾರು ತೆಳು ಕೋಟ್ ಹೊಡೆದರೆ ನಿಲ್ಲುತ್ತದೆ.

ಇದೆಲ್ಲ ಗಟ್ಟಿ ಮರದ ಎಲೆಕ್ಟ್ರಿಕ್ ಗಿಟಾರಿಗೆ. ಅಕೌಸ್ಟಿಕ್ ಗಿಟಾರಿನ ಮುಂಭಾಗದ ಹಲಗೆ ಸುಮಾರು 3 ಮಿಲಿಮೀಟರ್ ಅಷ್ಟೆ. ಅದರ ಮೇಲೆ ಬಣ್ಣ ಪೇರಿಸಿದರೆ ನಾದ ಮಂಕಾಗುತ್ತದೆ. ಅಲ್ಲಿ ಬಿರುಕು ಮುಚ್ಚಿ ಸುಮ್ಮನಿರುವುದೇ ಸರಿ.

ಹವೆಯನ್ನೂ ನೋಡಬೇಕು. ಮಳೆಗಾಲದಲ್ಲಿ ತರೀಕೆರೆಯ ಲಕ್ಕವಳ್ಳಿ, ಕೆಮ್ಮಣ್ಣುಗುಂಡಿ ಕಡೆ ಎನ್‌ಸಿ (ನೈಟ್ರೊಸೆಲ್ಯುಲೋಸ್) ಲ್ಯಾಕರ್ ಹೊಡೆದರೆ ಥಿನ್ನರ್ ಬೇಗ ಆರಿ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂತು ಬಿಳಿ ಮಬ್ಬು ಕವಿಯುತ್ತದೆ. ಬಾಬಾಬುಡನ್‌ಗಿರಿಯ ಮಳೆನೆರಳಿನಲ್ಲಿರುವ ಕಡೂರಿಗೆ ಆ ಕಾಟ ಕಡಿಮೆ. ಅಜ್ಜಂಪುರದ ಬಯಲಿನಲ್ಲಿ ಗಾಳಿ ಎದ್ದ ದಿನ ಹಸಿ ಬಣ್ಣಕ್ಕೆ ಧೂಳು ಮೆತ್ತುತ್ತದೆ. ಗಾಳಿ ನಿಂತ ಬೆಳಗ್ಗೆಯೇ ವಾಸಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಕೂಡದು. ಎನ್95 ಮಾಸ್ಕ್ ಧೂಳು ತಡೆಯುತ್ತದೆ, ಥಿನ್ನರಿನ ಆವಿಯನ್ನಲ್ಲ. ಅದಕ್ಕೆ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಒಲೆ, ದೇವರ ದೀಪ ಉರಿಯುವ ಮನೆಯೊಳಗೆ ಸ್ಪ್ರೇ ಸಲ್ಲದು. ಗಟ್ಟಿಕಾರಕ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣದಲ್ಲಿ ಐಸೊಸಯನೇಟ್ ಇದ್ದು, ಅದು ಆಸ್ತಮಾ ತರಬಲ್ಲದು. ಅದನ್ನು ಮನೆಯಲ್ಲಿ ಹೊಡೆಯಲೇಬಾರದು, ಸರಿಯಾದ ಸ್ಪ್ರೇ ಬೂತ್ ಇರುವ ಕಡೆಗೇ ಒಯ್ಯಬೇಕು.

ಈ ಕೆಲಸ ಕಲಿಸುವುದೂ ಕಷ್ಟವಲ್ಲ. ಬಡಗಿ ಕೆಲಸ, ಪೇಂಟಿಂಗ್ ಎರಡೂ ಐಟಿಐಗಳ ರಾಷ್ಟ್ರೀಯ ಟ್ರೇಡ್ ಪಟ್ಟಿಯಲ್ಲಿವೆ. ಈ ತಾಲ್ಲೂಕುಗಳಲ್ಲಿ ಬೇಸಿಗೆ ರಜೆಯ ಒಂದು ವಾರ ವಾದ್ಯ ರಿಪೇರಿ ಕಲಿಸಲು ಹೊಸ ಕಟ್ಟಡವೇನೂ ಬೇಕಿಲ್ಲ. ಒಬ್ಬ ಬಡಗಿ, ಒಬ್ಬ ಗ್ಯಾರೇಜ್ ಪೇಂಟರ್, ಗಾಳಿಯಾಡುವ ಒಂದು ಶೆಡ್ ಇದ್ದರೆ ಶುರುಮಾಡಬಹುದು. ಗಿಟಾರಿನ ಜೊತೆಗೆ ಭಜನಾ ಮಂಡಳಿಗಳ ಒಡಕು ಹಾರ್ಮೋನಿಯಂ ಪೆಟ್ಟಿಗೆಗಳೂ ಅಲ್ಲಿಗೆ ಬರಲಿ.