ದೂರು ಮುಗಿಯಿತು ಅಂತ ಹೇಳಬೇಕಾದವರು ಯಾರು?

ಬೀದಿ ದೀಪ ಕೆಟ್ಟಿದೆ ಅಂತ ದೂರು ಕೊಡುತ್ತೀರಿ. ‘ಸರಿಪಡಿಸಲಾಗಿದೆ’ ಅಂತ ಮೆಸೇಜ್ ಬರುತ್ತದೆ. ದೀಪ ಹತ್ತಿದೆಯೋ ಇಲ್ಲವೋ ಗೊತ್ತಿರುವುದು ಬೀದಿಯವರಿಗೆ ಮಾತ್ರ. ಫೋನು, ಕಂಪ್ಯೂಟರಿನ ಕನ್ನಡಕ್ಕೂ ಇದೇ ಮಾತು.

‘ರ‍್ಯಾಲಿ’ ಅಂತ ಟೈಪ್ ಮಾಡಿದರೆ ‘ರ್ಯಾಲಿ’ ಆಗುವುದನ್ನು ನೀವೂ ನೋಡಿದ್ದೀರಿ. ಯುನಿಕೋಡ್‌ನಲ್ಲಿ ಇದಕ್ಕೆ ದಾರಿ ಇದೆ. ‘ರ’ ಆದ ಮೇಲೆ, ಒತ್ತಕ್ಷರಕ್ಕೆ ಮುಂಚೆ, ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸಬೇಕು. ಫಾಂಟು, ಕೀಬೋರ್ಡು ಎರಡಕ್ಕೂ ಅದು ಗೊತ್ತಿರಬೇಕು. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ತಪ್ಪು ಉಳಿಯಬಹುದು.

ಗುಬ್ಬಿ, ನವಿಲು ಥರದ ಕನ್ನಡ ಫಾಂಟ್‌ಗಳನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಡೆಬಿಯನ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲೂ ಅವು ಸಿಗುತ್ತವೆ. ಡೆಬಿಯನ್ ನಡೆಸುವವರು ಸ್ವಯಂಸೇವಕರು. ಅಲ್ಲಿ ಪ್ರತಿ ದೂರಿಗೂ ಒಂದು ನಂಬರ್. ತಿದ್ದಿದ ಆವೃತ್ತಿ ಸೇರಿಸಿದ ಕೂಡಲೇ ದೂರು ಮುಚ್ಚುತ್ತದೆ, ದೂರು ಕೊಟ್ಟವರಿಗೆ ಮೇಲ್ ಹೋಗುತ್ತದೆ. ಆದರೆ ಅದು ಸೇರುವುದು ಮೊದಲು ‘ಅಸ್ಥಿರ’ ಶಾಖೆಗೆ. ಜನ ಬಳಸುವ ಸ್ಥಿರ ಆವೃತ್ತಿ ಹೊಸದಾಗಿ ಬರುವುದು ಸುಮಾರು 2 ವರ್ಷಕ್ಕೊಮ್ಮೆ. ಅಷ್ಟರವರೆಗೆ, ಮುಚ್ಚಿದ ದೂರು ಭದ್ರಾವತಿಯ ಡಿಟಿಪಿ ಅಂಗಡಿಯಲ್ಲಿ ಜೀವಂತವಾಗಿಯೇ ಇರಬಹುದು.

ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ದೂರು ಪುಸ್ತಕದಲ್ಲಿ ‘ಪರಿಹಾರವಾಗಿದೆ’ ಆದ ಮೇಲೆ ‘ಪರಿಶೀಲಿಸಲಾಗಿದೆ’ ಎಂಬ ಇನ್ನೊಂದು ಹಂತವಿದೆ. ಈ ಎರಡನೇ ಕೆಲಸ ಯಾರದು?

ತಿದ್ದಿದವರದ್ದಲ್ಲ ಅನ್ನುವುದು ನನ್ನ ವಾದ. ಹಗಲು ದುಡಿದು, ರಾತ್ರಿ ಪುಕ್ಕಟೆ ಕೆಲಸ ಮಾಡುವವರ ಹೆಗಲಿಗೆ ಇದನ್ನೂ ಹೊರಿಸುವುದು ನ್ಯಾಯವಲ್ಲ. ಅವರ ಹತ್ತಿರ ನಿಮ್ಮ ಫೋನೂ ಇರುವುದಿಲ್ಲ. ನೋಡಿ ಹೇಳಬೇಕಾದವರು ಬಳಸುವವರು. ಅದರಲ್ಲೂ ಸಂಬಳದ ಸಿಬ್ಬಂದಿ ಇಟ್ಟುಕೊಂಡು ಇದೇ ಸಾಫ್ಟ್‌ವೇರ್ ಬಳಸುವ ಕಚೇರಿ, ಕಾಲೇಜುಗಳ ಹೊಣೆ ಹೆಚ್ಚು.

‘ಹಳ್ಳಿಯವರಿಗೆ ಇಂಗ್ಲಿಷ್ ದೂರು ಪುಸ್ತಕ ಹೇಗೆ ತಿಳಿಯುತ್ತೆ?’ ಅಂತ ಕೇಳಬಹುದು. ನಿಜ. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಕಾಲೇಜು ಇದೆ, ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಇದೆ. ಯಾವ ದೂರು ಮುಚ್ಚಿತು, ಯಾವ ಆವೃತ್ತಿಯಲ್ಲಿ, ಯಾವ ಫೋನಿನಲ್ಲಿ ನೋಡಿದ್ದಾಯಿತು ಅಂತ ಕನ್ನಡದಲ್ಲಿ ಒಂದು ಪಟ್ಟಿ ಇಡುವುದನ್ನು ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಆಗಿ ಕೊಡಬಹುದು. ಖರ್ಚು ಏನೂ ಇಲ್ಲ.

ನಿಮ್ಮ ಪಾಲಿನದು ಇಷ್ಟೇ: ತಪ್ಪು ಕಂಡರೆ ಸ್ಕ್ರೀನ್‌ಶಾಟ್ ತೆಗೆದು, ಫೋನಿನ ಮಾಡೆಲ್ ಬರೆದು ಕಳಿಸಿ. ಸರಿಯಾಯಿತು ಅಂತ ಸುದ್ದಿ ಬಂದರೆ ಅಪ್‌ಡೇಟ್ ಮಾಡಿ ನೋಡಿ. ‘ಸರಿಯಾಗಿದೆ’ ಅಥವಾ ‘ಇನ್ನೂ ಹಾಗೇ ಇದೆ’ ಅಂತ ಒಂದು ಸಾಲು ವಾಪಸ್ ಬರೆಯಿರಿ.