ಕನ್ನಡ ತಂತ್ರಾಂಶದ ದೋಷಪರೀಕ್ಷೆ: ಹೊಣೆ ಯಾರದು?

ಕನ್ನಡ ಮತ್ತು ಗಣಕವನ್ನು ಕುರಿತ ವಿದ್ವತ್ ಚರ್ಚೆಯು ಬಹುಮಟ್ಟಿಗೆ ಕೀಲಿಮಣೆ ವಿನ್ಯಾಸ, ಅಕ್ಷರರೂಪ ಹಾಗೂ ಪಾರಿಭಾಷಿಕ ಪದಗಳ ಟಂಕನ, ಈ ಮೂರರ ಸುತ್ತಲೇ ನಡೆದಿದೆ. ಸಿದ್ಧಗೊಂಡ ತಂತ್ರಾಂಶವನ್ನು ಪರೀಕ್ಷಿಸುವುದು ಎಂಜಿನಿಯರುಗಳ ಕೆಲಸವೆಂದು ಭಾವಿಸಿ ಕನ್ನಡ ವಿಭಾಗಗಳು ಅದರಿಂದ ದೂರ ಉಳಿದಿವೆ. ಹೀಗೆ ದೂರ ಉಳಿದದ್ದರ ಪರಿಣಾಮವೇನೆಂಬುದನ್ನು ಒಂದು ಅಕ್ಷರದ ಹೆಸರೇ ಹೇಳುತ್ತದೆ.

ಹಳಗನ್ನಡದ ‘ೞ’ಕಾರಕ್ಕೆ ಯೂನಿಕೋಡ್ ಸಂಕೇತಪಟ್ಟಿಯಲ್ಲಿ ಸ್ಥಾನ ದೊರೆತಿದೆ. ಆದರೆ ಅಲ್ಲಿ ಅದರ ಅಧಿಕೃತ ಹೆಸರು ‘ಕನ್ನಡ ಲೆಟರ್ ಎಫ್‌ಎ’, ಅಂದರೆ ಫಕಾರ! ‘ಶಬ್ದಮಣಿದರ್ಪಣ’ವನ್ನು ಪಾಠವಾಗಿ ಓದಿದ ವಿದ್ಯಾರ್ಥಿಯೊಬ್ಬ ಕ್ಷಣಮಾತ್ರದಲ್ಲಿ ಹಿಡಿಯಬಹುದಾಗಿದ್ದ ತಪ್ಪು ಇದು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನ ನಿಯಮವಾದುದರಿಂದ ಹೆಸರು ಹಾಗೆಯೇ ಉಳಿದು, ‘ಎಲ್‌ಎಲ್‌ಎಲ್‌ಎ’ ಎಂಬ ತಿದ್ದುಪಡಿಯ ಹೆಸರು ಅದರ ಪಕ್ಕದಲ್ಲಿ ಸೇರಿದೆ. ಅಕ್ಷರದ ಬಳಕೆಗೆ ಇದರಿಂದ ತೊಡಕೇನೂ ಇಲ್ಲ, ನಿಜ. ಆದರೆ ದೋಷವು ತಡವಾಗಿ ಕಂಡಷ್ಟೂ ಅದನ್ನು ತಿದ್ದುವುದು ಕಷ್ಟ ಎಂಬ ಪರೀಕ್ಷಾಶಾಸ್ತ್ರದ ಮೊದಲ ಪಾಠಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ದೊರೆಯುವುದು ವಿರಳ.

ತಂತ್ರಾಂಶ ಸರಿಯಿದೆಯೆಂದು ತೋರಿಸುವುದು ಪರೀಕ್ಷೆಯಲ್ಲ, ದೋಷಗಳನ್ನು ಹುಡುಕುವುದೇ ಪರೀಕ್ಷೆ ಎಂಬ ನಿಲುವನ್ನು ಗ್ಲೆನ್‌ಫೋರ್ಡ್ ಮೈಯರ್ಸ್ 1979ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಈ ದೃಷ್ಟಿಯಿಂದ ನೋಡಿದರೆ ‘ಕನ್ನಡ’, ‘ಕಮಲ’ ಎಂದು ಬೆರಳಚ್ಚಿಸಿ ತೃಪ್ತರಾಗುವುದು ಪರೀಕ್ಷೆ ಎನಿಸುವುದಿಲ್ಲ. ‘ಸೂರ್ಯ’ದಲ್ಲಿ ಅರ್ಕಾವೊತ್ತು ಬರಬೇಕು, ‘ರ‍್ಯಾಂಕ್’ನಲ್ಲಿ ಬರಬಾರದು. ಎರಡನ್ನೂ ಒಂದೇ ಕಡತದಲ್ಲಿ ಬರೆದು, ಬೇರೊಂದು ಗಣಕಕ್ಕೆ ಒಯ್ದು ನೋಡಬೇಕು. ‘ಸಾಫ್ಟ್‌ವೇರ್’ ಪದದಲ್ಲಿ ಒತ್ತು ಕೂಡದಂತೆ ತಡೆಯುವ ಕಣ್ಣಿಗೆ ಕಾಣದ ಚಿಹ್ನೆಯೊಂದಿರುತ್ತದೆ. ಅದಿಲ್ಲದೆ ಹುಡುಕಿದರೆ ಪದ ಸಿಗುತ್ತದೆಯೆ? ‘ಕೊಡೆ’ಯ ಒಕಾರವನ್ನು ಒಂದೇ ಸಂಕೇತವಾಗಿಯೂ ಎಕಾರ, ಊಕಾರಗಳ ಚಿಹ್ನೆಗಳ ಜೋಡಣೆಯಾಗಿಯೂ ದಾಖಲಿಸಲು ಸಾಧ್ಯ. ಕಣ್ಣಿಗೆ ಎರಡೂ ಒಂದೇ; ಎಚ್ಚರವಿಲ್ಲದೆ ಕಟ್ಟಿದ ತಂತ್ರಾಂಶಕ್ಕೆ ಎರಡು ಬೇರೆ ಪದಗಳು. ಪದಪ್ರಯೋಗಕೋಶ ಸಿದ್ಧಪಡಿಸುವ ಸಂಶೋಧಕನ ಎಣಿಕೆ ಇಲ್ಲಿ ಸದ್ದಿಲ್ಲದೆ ತಪ್ಪುತ್ತದೆ. ಅಕಾರಾದಿಯ ಸ್ಥಿತಿಯೂ ಹೀಗೆಯೇ. ಸಂಕೇತಪಟ್ಟಿಯಲ್ಲಿ ‘ಳ’ಕಾರವು ‘ಲ’ಕಾರದ ಮಗ್ಗುಲಲ್ಲಿದೆ, ವರ್ಣಮಾಲೆಯಲ್ಲಿ ‘ಹ’ಕಾರದ ನಂತರ. ಪಟ್ಟಿಯ ಕ್ರಮವನ್ನೇ ನಂಬಿದ ತಂತ್ರಾಂಶವು ‘ಕಳಸ’ವನ್ನು ‘ಕವಡೆ’ಗಿಂತ ಮೊದಲು ಇರಿಸುತ್ತದೆ. ಇದು ದೋಷವೆಂದು ತಿಳಿಯಲು ಬೇಕಾದದ್ದು ಗಣಕಜ್ಞಾನವಲ್ಲ, ನಿಘಂಟುಜ್ಞಾನ.

ಕಂಡ ದೋಷವನ್ನು ವರದಿ ಮಾಡುವುದು ಇನ್ನೊಂದು ಶಿಸ್ತು. “ಕನ್ನಡ ಸರಿಯಾಗಿ ಬರುವುದಿಲ್ಲ” ಎಂಬುದು ದೂರು, ವರದಿಯಲ್ಲ. ತಂತ್ರಾಂಶದ ಯಾವ ಆವೃತ್ತಿ, ಯಾವ ಅಕ್ಷರರೂಪ, ಯಾವ ಕ್ರಮದಲ್ಲಿ ಕೀಲಿಗಳನ್ನು ಒತ್ತಲಾಯಿತು, ಏನು ಬರಬೇಕಿತ್ತು, ಏನು ಬಂದಿತು ಎಂಬ ವಿವರಗಳಿಲ್ಲದೆ ದೋಷವನ್ನು ಮರಳಿ ಕಾಣಿಸಲಾಗದು. ಕಾಣದ ದೋಷವನ್ನು ಯಾರೂ ತಿದ್ದಲಾರರು. ಪ್ರತಿ, ಗರಿ, ಸಾಲು, ಪಾಠಾಂತರಗಳನ್ನು ನಮೂದಿಸುವ ಗ್ರಂಥಸಂಪಾದಕರಿಗೆ ಈ ಶಿಸ್ತು ಹೊಸದೇನಲ್ಲ. ಹೊಸದಾಗಿ ಕಲಿಯಬೇಕಾದುದು ಗಂಭೀರತೆ ಮತ್ತು ಆದ್ಯತೆಗಳ ನಡುವಣ ವ್ಯತ್ಯಾಸ. ‘ೞ’ ಮೂಡದಿರುವುದು ಪತ್ರವ್ಯವಹಾರಕ್ಕೆ ನಗಣ್ಯ, ಪಂಪನ ಕಾವ್ಯವನ್ನು ಗಣಕಕ್ಕೆ ತರುವವರಿಗೆ ಅಸಾಧ್ಯ ತೊಡಕು. ಆ ತೊಡಕನ್ನು ಅನುಭವಿಸುವವರು ಮೌನವಾಗಿದ್ದರೆ ಆದ್ಯತೆಯನ್ನು ಅರಿಯದವರೇ ನಿರ್ಧರಿಸುತ್ತಾರೆ. ಒಂದು ದೋಷವನ್ನು ತಿದ್ದುವಾಗ ಮತ್ತೊಂದು ಹುಟ್ಟುವುದೂ ಉಂಟು; ಆದುದರಿಂದ ಹಳೆಯ ಪರೀಕ್ಷೆಗಳನ್ನೆಲ್ಲ ಪ್ರತಿ ಆವೃತ್ತಿಯಲ್ಲಿಯೂ ಮತ್ತೆ ನಡೆಸಬೇಕಾಗುತ್ತದೆ.

ಅಧ್ಯಾಪಕರಿಗೆ ಇದು ಹೆಚ್ಚುವರಿ ಹೊರೆಯೆಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಸಂಶೋಧನ ಲೇಖನಕ್ಕೆ ದೊರೆಯುವ ಮನ್ನಣೆ ದೋಷವರದಿಗೆ ದೊರೆಯುವುದಿಲ್ಲ ಎಂಬುದೂ ನಿಜ. ಆದರೂ ಎಂ.ಎ. ತರಗತಿಯ ಗ್ರಂಥಸಂಪಾದನೆಯ ಪತ್ರಿಕೆಯಲ್ಲಿ ಒಂದು ನಿಯೋಜಿತ ಕಾರ್ಯವಾಗಿ, ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳಿಂದ ಆಯ್ದ ಇನ್ನೂರು ಕ್ಲಿಷ್ಟ ಪದಗಳ ಪರೀಕ್ಷಾಪಟ್ಟಿಯನ್ನು ವಿದ್ಯಾರ್ಥಿಗಳಿಂದ ಸಿದ್ಧಪಡಿಸುವುದಕ್ಕೆ ಹೊಸ ಅನುದಾನವಾಗಲಿ ಪ್ರತ್ಯೇಕ ಪ್ರಯೋಗಾಲಯವಾಗಲಿ ಬೇಕಿಲ್ಲ.