ಮೊದಲು ನಮ್ಮ ಉಸಿರು

ವಿಮಾನದೊಳಗೆ ಗಾಳಿಯ ಒತ್ತಡ ಕುಸಿದರೆ ಆಮ್ಲಜನಕದ ಮಾಸ್ಕನ್ನು ಮೊದಲು ನೀವು ಧರಿಸಿ, ಬಳಿಕ ಮಗುವಿಗೆ ತೊಡಿಸಿ ಎನ್ನುತ್ತಾರೆ. ಇದು ಸ್ವಾರ್ಥವೆಂದು ನಮ್ಮಲ್ಲಿ ಹಲವರು ಭಾವಿಸುತ್ತೇವೆ. 35,000 ಅಡಿ ಎತ್ತರದಲ್ಲಿ ಆಮ್ಲಜನಕ ಸಿಗದಿದ್ದರೆ ವಿವೇಕ ಉಳಿಯುವುದು ಹೆಚ್ಚೆಂದರೆ ಒಂದು ನಿಮಿಷ. ವಿವೇಕ ಹೋಯಿತೆಂಬ ಅರಿವೂ ಇರುವುದಿಲ್ಲ. ಆಮೇಲೆ ಮಗುವಿಗೆ ತೊಡಿಸುವವರು ಯಾರು?

2005ರ ಆಗಸ್ಟ್ 14ರಂದು ಸೈಪ್ರಸ್‌ನಿಂದ ಅಥೆನ್ಸ್‌ಗೆ ಹೊರಟ ಹೀಲಿಯೋಸ್ ವಿಮಾನದಲ್ಲಿ ಒತ್ತಡ ನಿಯಂತ್ರಿಸುವ ಸ್ವಿಚ್ಚು ತಪ್ಪು ಸ್ಥಾನದಲ್ಲೇ ಉಳಿದಿತ್ತು. ಎಚ್ಚರಿಕೆಯ ಸದ್ದನ್ನು ಪೈಲಟರು ಬೇರೊಂದು ದೋಷವೆಂದು ಬಗೆದು, ಮಾಸ್ಕ್ ಧರಿಸದೆಯೇ ಮೇಲೇರಿದರು. ದಡ್ಡರೆಂದು ಬೈಯುವುದು ಸುಲಭ (ನಾವೂ ಬೈದವರೇ); ಕಾರಣ ಹುಡುಕಬೇಕಾದ ಬುದ್ಧಿಯೇ ಆಗ ಮಸುಕಾಗುತ್ತಿತ್ತು. ಮೊದಲು ಮಾಸ್ಕ್, ಅನಂತರ 10,000 ಅಡಿಗೆ ಇಳಿಯುವುದು, ವಿಚಾರಣೆ ಆಮೇಲೆ ಎಂಬ ಕ್ರಮವಿರುವುದು ಅದಕ್ಕಾಗಿಯೇ. ಆಮ್ಲಜನಕದ ಸಿಲಿಂಡರ್ ಹಿಡಿದ ಪರಿಚಾರಕನೊಬ್ಬ ಕೊನೆಗೆ ಕಾಕ್‌ಪಿಟ್ ಹೊಕ್ಕ. ಅಷ್ಟರಲ್ಲಿ ಇಂಧನ ತೀರುತ್ತ ಬಂದಿತ್ತು. 121 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.